ಪಾಚಿಗೆ ಲೆನ್ಸೋ, ಮೊಲಕ್ಕೆ ಬೈನಾಕ್ಯುಲರೋ?

ದೇವರಾಯನದುರ್ಗದ ಸುತ್ತ ಮಳೆಗಾಲದಲ್ಲಿ ಅಲೆಯುವವರು ಒಂದೇ ಉಪಕರಣ ಕೊಳ್ಳುವುದಾದರೆ 10 ಪಟ್ಟಿನ ಕೈಲೆನ್ಸ್ ತಗೋಬೇಕೋ, 8×42 ಬೈನಾಕ್ಯುಲರ್ (8 ಪಟ್ಟು ಹಿಗ್ಗಿಸುವ, ಮುಂಗಾಜು 42 ಮಿ.ಮೀ. ಅಗಲದ್ದು) ತಗೋಬೇಕೋ? ಎರಡನ್ನೂ ಒರೆಗೆ ಹಚ್ಚಲು ಫ್ಯುನೇರಿಯಾ ಹೈಗ್ರೊಮೆಟ್ರಿಕಾ ಎಂಬ ಪಾಚಿ ಮತ್ತು ಹಿಂಗತ್ತಿನಲ್ಲಿ ಕಪ್ಪು ಮಚ್ಚೆಯಿರುವ ನಮ್ಮ ಕಾಡುಮೊಲ ಸಾಕು. ಒಂದು ಕೂತಲ್ಲಿಂದ ಕದಲದು, ಇನ್ನೊಂದು ಕಂಡಿತು ಎನ್ನುವಷ್ಟರಲ್ಲಿ ಪೊದೆಯೊಳಗೆ.

ಅಗ್ಗದ ಲೆನ್ಸುಗಳ ಮೇಲೆ ‘30×21’ ಎಂದು ಕೆತ್ತಿರುತ್ತದೆ, ನಂಬಬೇಡಿ. 30 ಪಟ್ಟಿಗೆ ಫೋಕಲ್ ದೂರ (ಗಾಜಿನಿಂದ ಬಿಸಿಲು ಚುಕ್ಕಿಯಾಗುವ ಜಾಗಕ್ಕಿರುವ ದೂರ) 8 ಮಿ.ಮೀ. ಆಸುಪಾಸು ಇರಬೇಕು, 21 ಮಿ.ಮೀ. ಅಗಲದ ಆ ಗಾಜಿಗೆ ಅದು ಆಗದ ಮಾತು. ಬಿಸಿಲನ್ನು ಕಾಗದದ ಮೇಲೆ ಚುಕ್ಕಿಯಾಗಿ ಕೂರಿಸಿ, ಲೆನ್ಸಿನಿಂದ ಕಾಗದಕ್ಕಿರುವ ದೂರ ಅಳೆದು, 250ನ್ನು (ಬರಿಗಣ್ಣು ಆರಾಮವಾಗಿ ನೋಡಬಲ್ಲ ಹತ್ತಿರದ ದೂರ, ಮಿ.ಮೀ.ನಲ್ಲಿ) ಅದರಿಂದ ಭಾಗಿಸಿ. 25 ಮಿ.ಮೀ. ಬಂದರೆ ಅಪ್ಪಟ 10. ಮೂರು ಗಾಜು ಅಂಟಿಸಿದ ಟ್ರಿಪ್ಲೆಟ್ ಆದರೆ ಅಂಚಿನಲ್ಲಿ ಬಣ್ಣ ಒಡೆಯುವುದು ಕಡಿಮೆ.

ಲೆನ್ಸ್ ಇರಬೇಕಾದ್ದು ಕಣ್ಣಿಗೆ ತಾಗುವಷ್ಟು ಹತ್ತಿರ. ಪಾಚಿಯತ್ತ ಬಾಗಬೇಕಾದ್ದು ಮುಖ. ಕೈ ಚಾಚಿ ಹಿಡಿದರೆ ನೋಟ ಕಿರಿದಾಗುತ್ತದೆ. ಪಾಚಿ ಮುರುಟಿದ್ದರೆ ನಾಲ್ಕು ಹನಿ ನೀರು ಬಿಡಿ, ಎಲೆ ಬಿಚ್ಚಿಕೊಳ್ಳುತ್ತದೆ, ಬೀಜದ ಬದಲು ಹರಡುವ ಬೀಜಕಗಳ ಕೋಶವನ್ನು ಹೊತ್ತ ಸುರುಳಿ ತೊಟ್ಟೂ ತಿರುಗುತ್ತದೆ. ಮುಚ್ಚಳ ಕಳಚಿದ ಬೀಜಕಕೋಶದ ಬಾಯಲ್ಲಿ 16 ಹೊರಹಲ್ಲುಗಳು. ಅವು ಒಣಗಿದರೆ ಸಂದು ಬಿಡುತ್ತವೆ, ತೇವಕ್ಕೆ ಮುಚ್ಚುತ್ತವೆ. ಹಾಗಾಗಿ ಹಲ್ಲು ಎಣಿಸುವುದು ನೀರು ಹಾಕುವ ಮುಂಚೆ.

ಮೊಲ ಹೊರಬರುವುದು ಮುಸ್ಸಂಜೆಗೆ. ಜೇಬಿಗೆ ಹಿಡಿಸುವ 10×25 ಇಲ್ಲೇ ಸೋಲುವುದು: 25ನ್ನು 10ರಿಂದ ಭಾಗಿಸಿದರೆ ಕಣ್ಣಿಗೆ ಸಿಗುವ ಬೆಳಕಿನ ಕಿಂಡಿ ಬರೀ 2.5 ಮಿ.ಮೀ. ಕಡಲೆಕಾಯಿ ಹೊಲದ ಬದುವಿನಲ್ಲಿ ಕಿವಿ ಮಡಚಿ ಕೂತ ಮೊಲ ಆಗ ಮಣ್ಣಿನ ಹೆಂಟೆಯೇ. 8×42ರಲ್ಲಿ 5.25 ಮಿ.ಮೀ., ಕಣ್ಣು ಮೊದಲು ಕಾಣುತ್ತದೆ, ಕಿವಿ ನಿಮಿರಿ ಆಚೆ ತಿರುಗಿದರೆ ಕತ್ತಿನ ಮಚ್ಚೆಯೂ. 10×50ರಲ್ಲಿ ಬೆಳಕು ಹೆಚ್ಚುಕಡಿಮೆ ಅಷ್ಟೇ, ತೂಕ ಮತ್ತು ಕೈನಡುಕ ಮಾತ್ರ ಜಾಸ್ತಿ. ಟಾರ್ಚ್ ಬೇಡ, ರಾತ್ರಿ ಹೊಲದಲ್ಲಿ ಬೆಳಕು ಬಿಟ್ಟರೆ ಊರವರು ಬೇಟೆಯವರೆಂದೇ ತಿಳಿಯುತ್ತಾರೆ, 1972ರ ವನ್ಯಜೀವಿ ಕಾಯ್ದೆಯಡಿ ಮೊಲದ ಬೇಟೆ ಅಪರಾಧ.

ಒಂದೇ ಎಂದಾದರೆ ನಮ್ಮ ಓಟು 8×42ಕ್ಕೆ. ತಿರುಗಿಸಿ ಹಿಡಿದು, ಕಣ್ಣಿಡುವ ಗಾಜನ್ನು ಪಾಚಿಗೆ ಬೆರಳಗಲದಷ್ಟು ಹತ್ತಿರ ತಂದು ದೊಡ್ಡ ಗಾಜಿನಿಂದ ನೋಡಿದರೆ ಅದೇ ಲೆನ್ಸ್. ಅಂಚು ಮಸುಕು, ಹಲ್ಲು ಎಣಿಸಲು ತಾಳ್ಮೆ ಬೇಕು. ಗಾಜಿಗೆ ಮಣ್ಣು ತಾಗಿದರೆ ಮೊದಲು ಊದಿ, ಆಮೇಲೆ ಒರೆಸಿ, ಇಲ್ಲವಾದರೆ ಗೀರು ಬೀಳುತ್ತದೆ. ಮಳೆಗಾಲದಲ್ಲಿ ಒದ್ದೆ ಚೀಲದಲ್ಲೇ ಬಿಟ್ಟರೆ ಗಾಜಿಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.