ಬಚ್ಚಲೊಲೆಯ ಹೊಗೆ ಕೊಳವೆಗೆ ಯಾವ ಟೋಪಿ: ಜಿಐ ತಗಡೋ, ಸ್ಟೀಲೋ?

ಶಿರಸಿ ಕಡೆಯ ಮನೆಗೆ ಜಿಐ ತಗಡಿನ (ಸತು ಲೇಪಿಸಿದ ಕಬ್ಬಿಣದ ತಗಡು) ಟೋಪಿ ಸಾಕು. ಅಗ್ಗ, ಪೇಟೆಯ ತಗಡಿನ ಕೆಲಸದವರೇ ಅಳತೆಗೆ ಮಾಡಿಕೊಡುತ್ತಾರೆ. ಕಾರವಾರದಲ್ಲಿ ಮಾತ್ರ ಅದನ್ನು ಹಾಕಬೇಡಿ. ಉಪ್ಪುಗಾಳಿಗೆ ಕತ್ತರಿಸಿದ ಅಂಚಿನಲ್ಲಿ, ಸ್ಕ್ರೂ ತೂತಿನ ಸುತ್ತ ಮೊದಲು ಸತುವಿನ ಲೇಪ ಹೋಗಿ ಕೆಂಪು ತುಕ್ಕು ಏಳುತ್ತದೆ. ಕಡಲಂಚಿನ ಮನೆಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ಸರಿ. ಅದರಲ್ಲಿರುವ ಮಾಲಿಬ್ಡಿನಂ ಎಂಬ ಲೋಹ ಉಪ್ಪಿನ ಹೊಡೆತ ತಡೆಯುತ್ತದೆ. ಸಾಮಾನ್ಯ ದರ್ಜೆಯಾದ 304 ಸ್ಟೀಲ್ ಅಲ್ಲಿ ಚಹಾ ಬಣ್ಣದ ಕಲೆ ಹಿಡಿಯುತ್ತದೆ, ಆದರೂ ಜಿಐಗಿಂತ ಎಷ್ಟೋ ಮೇಲು.

ಗಾಳಿಗೆ ತಿರುಗುವ ಟೋಪಿ ಸೌದೆ ಒಲೆಗೆ ಬೇಡ. ಮಸಿ ಬೇರಿಂಗಿಗೆ ಕೂತು ನಿಂತುಬಿಡುತ್ತದೆ.

ಯಾವುದೇ ತಂದರೂ ಎತ್ತರ ನೋಡಿ. ಕೊಳವೆ 4 ಇಂಚಿನದಾದರೆ ಅದರ ಬಾಯಿಗೂ ಮುಚ್ಚಳಕ್ಕೂ ನಡುವೆ ಕನಿಷ್ಠ 2 ಇಂಚು ಇರಲಿ. ತೀರಾ ಕಡಿಮೆಯಾದರೆ ಹೊಗೆ ಬಚ್ಚಲಿಗೇ ವಾಪಸ್. ಮುಚ್ಚಳ ಸುತ್ತಲೂ 2-3 ಇಂಚು ಹೊರಚಾಚಬೇಕು, ನಮ್ಮ ಮಳೆ ನೆಟ್ಟಗೆ ಬೀಳುವುದಿಲ್ಲವಲ್ಲ. ಹಕ್ಕಿ ಜಾಲರಿಯ ಕಣ್ಣು ಅರ್ಧ ಇಂಚಿಗಿಂತ ಸಣ್ಣದು ಬೇಡ: ಹಸಿ ಸೌದೆಯ ಮಸಿ ಡಾಂಬರಿನ ಹಾಗೆ ಅಂಟಿ ಕಣ್ಣು ಮುಚ್ಚಿಸುತ್ತದೆ.

ಒಲೆ ಪೂರ್ತಿ ಆರಿದ ಮೇಲೆಯೇ ಏಣಿ ಹತ್ತಿ. ಟೋಪಿಯ ಪಟ್ಟಿಗಳನ್ನು ಕೊಳವೆಯ ಹೊರಗೆ ಕೂರಿಸಿ 3 ಸ್ಟೀಲ್ ಸ್ಕ್ರೂ ಬಿಗಿಯಿರಿ, ಕಬ್ಬಿಣದ್ದಲ್ಲ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ಬಿಚ್ಚಿ ಮಸಿ ಕೆರೆಯಿರಿ.