‘ಎಲ್ಲಾ ಸೇರಿ ಇಷ್ಟು’ ಅನ್ನುವ ಕಸ್ಟಮ್ಸ್ ಏಜೆಂಟ್ ಸಿಕ್ಕರೆ ಹುಷಾರು

ಚೀನಾದಿಂದ ಮಷೀನ್ ತರಿಸಬೇಕು ಅಂತ ದಾವಣಗೆರೆ, ಹರಿಹರದ ಕಡೆ ಈಗ ವಿಚಾರಿಸುವವರು ಜಾಸ್ತಿ ಆಗಿದ್ದಾರೆ. ಮಂಡಕ್ಕಿಯವರು, ಗಾರ್ಮೆಂಟ್ಸ್‌ನವರು, ಪ್ರಿಂಟಿಂಗ್‌ನವರು. ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿಬಿಡಿ.

ನಮ್ಮದು ಖಾರ ಮಂಡಕ್ಕಿ ಪ್ಯಾಕೆಟ್ ಮಾಡಿ ಅಂಗಡಿಗಳಿಗೆ ಹಾಕುವ ವ್ಯವಹಾರ. ಕೈಯಲ್ಲಿ ತೂಗಿ ಸೀಲ್ ಮಾಡಿ ಸಾಕಾಗಿ, ಒಂದು ಆಟೊಮ್ಯಾಟಿಕ್ ಪೌಚ್ ಪ್ಯಾಕಿಂಗ್ ಮಷೀನ್ ತರಿಸಿದೆವು. ಹಡಗಿನ ಬಾಡಿಗೆ, ಇನ್ಶೂರೆನ್ಸ್ ಸೇರಿ ಚೆನ್ನೈ ಬಂದರಿಗೆ ಬರುವಷ್ಟರಲ್ಲಿ ಬೆಲೆ 10 ಲಕ್ಷ. ದುಡ್ಡು ಬ್ಯಾಂಕ್ ಮೂಲಕವೇ ಹೋಗಿತ್ತು. ಐಇಸಿ, ಅಂದರೆ ಆಮದು-ರಫ್ತು ಮಾಡಲು ಸರ್ಕಾರ ಕೊಡುವ ಕೋಡ್ ನಂಬರ್, ನಮ್ಮ ಹೆಸರಲ್ಲೇ ಇತ್ತು. ಬಂದರಿನಿಂದ ಮಾಲು ಬಿಡಿಸಿಕೊಡುವವರು ಮಾತ್ರ ಬೇಕಿತ್ತು.

ಪರಿಚಯದವರ ಪರಿಚಯ ಅಂತ ಬೆಂಗಳೂರಿನ ಒಬ್ಬ ಸಿಕ್ಕಿದ. ‘ನೀವು ಚೆನ್ನೈಗೆ ಬರೋದೇ ಬೇಡ ಸಾರ್. ಡ್ಯೂಟಿ, ಕ್ಲಿಯರೆನ್ಸ್, ಲಾರಿ ಎಲ್ಲಾ ನಂದು. ಮಷೀನ್ ನಿಮ್ಮ ಬಾಗಿಲಿಗೇ ಬರತ್ತೆ’ ಅಂದ. ವಾಟ್ಸಾಪ್‌ನಲ್ಲಿ ಲೆಕ್ಕ ಕಳಿಸಿದ. ಕಸ್ಟಮ್ಸ್ ಡ್ಯೂಟಿ ಶೇ 7.5, ಅಂದರೆ 75,000. ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್ 7,500. ಮಷೀನ್ ಬೆಲೆಯೂ ಸೇರಿ ಇದೆಲ್ಲ ಕೂಡಿದ ಮೊತ್ತದ ಮೇಲೆ ಶೇ 18 ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) 1,94,850. ಒಟ್ಟು 2,77,350 ರೂಪಾಯಿ. ಯಾರಿಗೆ ಬೇಕಾದರೂ ತೋರಿಸಿ, ಲೆಕ್ಕದಲ್ಲಿ ಒಂದು ಪೈಸೆ ತಪ್ಪಿಲ್ಲ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಮಷೀನ್ ಬಂತು, ಓಡಿತು. ಬಿಲ್ ಆಫ್ ಎಂಟ್ರಿಯ, ಅಂದರೆ ಮಾಲಿನ ಬೆಲೆ, ತೆರಿಗೆ ತೋರಿಸಿ ಕಸ್ಟಮ್ಸ್‌ಗೆ ಕೊಡುವ ಆಮದು ಪತ್ರದ ಪಿಡಿಎಫ್ ಕೂಡ ಬಂತು. ಆಮೇಲೆ ಒಂದು ದಿನ ಆಡಿಟರ್ ಫೋನು: ‘ಏನ್ರೀ, ಐಜಿಎಸ್‌ಟಿ 1,94,850 ಅಂತ ಕೊಟ್ಟಿದ್ದೀರಿ, 2ಬಿಯಲ್ಲಿ 77,940 ತೋರಿಸ್ತಿದೆಯಲ್ಲ?’ 2ಬಿ ಅಂದರೆ ನಾವು ಕಟ್ಟಿದ ತೆರಿಗೆಯಲ್ಲಿ ಎಷ್ಟು ಕ್ರೆಡಿಟ್ ಸಿಗುತ್ತದೆ ಅಂತ ಜಿಎಸ್‌ಟಿ ಪೋರ್ಟಲ್ ತೋರಿಸುವ ಪಟ್ಟಿ.

ಏಜೆಂಟನ್ನು ಕೇಳಿದರೆ ‘ಪೋರ್ಟಲ್ ಅಪ್‌ಡೇಟ್ ಆಗಿಲ್ಲ ಸಾರ್’ ಅನ್ನುವ ಉತ್ತರ. ಪಾಪ, ಪೋರ್ಟಲ್ ಮೇಲೆ ಹಾಕಿದರೆ ಅದು ಎದುರು ಮಾತಾಡುವುದಿಲ್ಲ, ಅಲ್ವಾ? ಅಷ್ಟರಲ್ಲಿ ಬ್ಯಾಂಕಿನವರೂ ಕರೆದರು. ಆಮದಿಗೆ ಅಂತ ಹೊರದೇಶಕ್ಕೆ ಹೋದ ದುಡ್ಡಿಗೂ ಬಂದ ಮಾಲಿಗೂ ತಾಳೆ ನೋಡಲು ರಿಸರ್ವ್ ಬ್ಯಾಂಕಿನ ಐಡಿಪಿಎಂಎಸ್ ಅನ್ನುವ ವ್ಯವಸ್ಥೆ ಇದೆ. ಕಸ್ಟಮ್ಸ್‌ನಿಂದ ಬಿಲ್ ಆಫ್ ಎಂಟ್ರಿಯ ವಿವರ ಅದಕ್ಕೆ ನೇರವಾಗಿ ಹೋಗುತ್ತದೆ. ಅಲ್ಲಿ ನಮ್ಮ ಮಷೀನಿನ ಬೆಲೆ 4 ಲಕ್ಷ! ‘ಮಿಕ್ಕ ದುಡ್ಡಿಗೆ ಮಾಲು ಎಲ್ಲಿ?’ ಅಂತ ಬ್ಯಾಂಕಿನವರ ಪ್ರಶ್ನೆ.

ಅಸಲಿ ಕಾಗದ ತೆಗೆಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ನಂಬರ್ ಒಂದೇ, ತಾರೀಖು ಒಂದೇ, ಮಾಲು ಯಾವ ಬಗೆಯದು ಅಂತ ಹೇಳುವ ಎಚ್‌ಎಸ್ ಕೋಡ್ ಕೂಡ ಒಂದೇ. ನಮಗೆ ಕಳಿಸಿದ್ದರಲ್ಲಿ ಬೆಲೆ ಮತ್ತು ತೆರಿಗೆಯ ಅಂಕಿಗಳು ಮಾತ್ರ ಸ್ವಲ್ಪ ದಪ್ಪ. ಸಾಲಿನಿಂದ ಕೂದಲೆಳೆಯಷ್ಟು ಕೆಳಗೆ ಜಾರಿದ್ದವು. ಕ್ಯೂಆರ್ ಕೋಡ್ ಇರುವ ಮೂಲೆ ಸ್ಕ್ಯಾನ್ ಆಗದಷ್ಟು ಮಸುಕು. ಸುಳ್ಳು ಇನ್‌ವಾಯ್ಸ್ ಕೊಟ್ಟು 4 ಲಕ್ಷಕ್ಕೆ 1,10,940 ಡ್ಯೂಟಿ ಕಟ್ಟಿ, ಉಳಿದ 1,66,410 ರೂಪಾಯಿಯನ್ನು ಜೇಬಿಗೆ ಇಳಿಸಿದ್ದ.

ಇನ್ನೊಂದು ಗೊತ್ತಾಗಿದ್ದು, ಅವನು ಕಸ್ಟಮ್ಸ್ ಬ್ರೋಕರೇ ಅಲ್ಲ, ಅಂದರೆ ಮಾಲು ಬಿಡಿಸಿಕೊಡಲು ಲೈಸೆನ್ಸ್ ಇರುವವನೇ ಅಲ್ಲ. ಫೈಲ್ ಮಾಡಿದ ಲೈಸೆನ್ಸ್ ಇನ್ಯಾರದೋ. ಬ್ರೋಕರ್‌ಗಳ ಮೇಲೆ 2018ರ ಲೈಸೆನ್ಸಿಂಗ್ ನಿಯಮಗಳಿವೆ. ಲೈಸೆನ್ಸ್ ಇನ್ನೊಬ್ಬರಿಗೆ ಕೊಡುವಂತಿಲ್ಲ. ಪ್ರತಿ ಗಿರಾಕಿಯಿಂದ ಅಧಿಕಾರ ಪತ್ರ ತಗೋಬೇಕು. ಐಇಸಿ, ಜಿಎಸ್‌ಟಿ ನಂಬರ್, ವಿಳಾಸ ಖಾತ್ರಿ ಮಾಡಿಕೊಳ್ಳಬೇಕು. ಗಿರಾಕಿ ನಿಯಮ ಮೀರಿದರೆ ತಿಳಿಹೇಳಬೇಕು, ಕೇಳದಿದ್ದರೆ ಅಧಿಕಾರಿಗೆ ತಿಳಿಸಬೇಕು. ನಮ್ಮ ಅಧಿಕಾರ ಪತ್ರದಲ್ಲಿ ಈ ಪುಣ್ಯಾತ್ಮ ‘ಬ್ರೋಕರ್ ಹೆಸರಿನ ಜಾಗ ಖಾಲಿ ಬಿಡಿ ಸಾರ್, ಸೀಲ್ ನಾವೇ ಹಾಕ್ಕೋತೀವಿ’ ಅಂದಿದ್ದ. ಯಾರಾದರೂ ನಿಮಗೆ ಇದೇ ಮಾತು ಹೇಳಿದರೆ ಅಲ್ಲಿಗೇ ನಿಲ್ಲಿಸಿ.

ಕಾನೂನು ಮೊದಲು ಹಿಡಿಯುವುದು ಮಾಲು ತರಿಸಿದವರನ್ನೇ. 1962ರ ಕಸ್ಟಮ್ಸ್ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಏಜೆಂಟ್ ಮಾಡಿದ್ದನ್ನು ಮಾಲೀಕರಿಗೆ ಗೊತ್ತಿದ್ದೇ ಮಾಡಿದ್ದು ಅಂತ ಲೆಕ್ಕ ಹಿಡಿಯುತ್ತಾರೆ. ಹಾಗಲ್ಲ ಅಂತ ತೋರಿಸುವ ಭಾರ ನಮ್ಮದೇ. ಬ್ಯಾಂಕಿನಿಂದ ಹೊರದೇಶಕ್ಕೆ ಹೋದ ದುಡ್ಡಿನ ದಾಖಲೆ (ಸ್ವಿಫ್ಟ್ ಕಾಪಿ), ಏಜೆಂಟನ ವಾಟ್ಸಾಪ್ ಲೆಕ್ಕ, ಅವನ ಖಾತೆಗೆ ಹಾಕಿದ ರಸೀದಿ ಎಲ್ಲಾ ಇದ್ದವು ಅಂತ ನಾವು ಉಸಿರಾಡಿದೆವು. ಆದರೂ ಕಡಿಮೆ ಬಿದ್ದ ಡ್ಯೂಟಿಯನ್ನು ವರ್ಷಕ್ಕೆ ಶೇ 15 ಬಡ್ಡಿ ಸೇರಿಸಿ ಮತ್ತೆ ಕಟ್ಟಿದ್ದು ನಾವೇ. ಪೊಲೀಸ್ ದೂರು ಕೊಟ್ಟಿದ್ದೇವೆ. ಅವನ ಫೋನ್ ಸ್ವಿಚ್ ಆಫ್.

ಇದನ್ನೆಲ್ಲ ಸರಿ ಮಾಡಲು ಲೈಸೆನ್ಸ್ ಇರುವ ಒಬ್ಬರು ಬ್ರೋಕರ್ ಹತ್ತಿರ ಹೋದಾಗ ವ್ಯತ್ಯಾಸ ಕಂಡಿತು. ರೇಟು ಹೇಳುವ ಮುಂಚೆ ಅವರು ಕೇಳಿದ್ದು ಮಷೀನಿನ ಕ್ಯಾಟಲಾಗ್, ಸ್ವಿಫ್ಟ್ ಕಾಪಿ, ಜೊತೆಗೆ ನಮ್ಮ ಕರೆಂಟ್ ಬಿಲ್! ಮಂಡಕ್ಕಿ ಭಟ್ಟಿಯ ಕರೆಂಟ್ ಬಿಲ್ ಕಸ್ಟಮ್ಸ್‌ಗೆ ಯಾಕಪ್ಪಾ ಅಂತ ನಗು ಬಂತು. ವಿಳಾಸ ಖಾತ್ರಿ ಅಂದರೆ ಅದೇ. ಮುಂದಿನ ಸಲ ಎಲೆಕ್ಟ್ರಾನಿಕ್ ತಕ್ಕಡಿಗಳನ್ನೂ ತರಿಸೋಣ ಅಂದರೆ ತಡೆದರು. ತೂಕದ ಯಂತ್ರ ಆಮದು ಮಾಡಲು ಲೀಗಲ್ ಮೆಟ್ರಾಲಜಿ (ತೂಕ-ಅಳತೆ ಕಾನೂನು) ನೋಂದಣಿ ಬೇಕು, ಮಾಡೆಲ್‌ಗೆ ಒಪ್ಪಿಗೆ ಇರಬೇಕು. ಅದಿಲ್ಲದೆ ಮಾಲು ಬಂದರಲ್ಲಿ ನಿಂತರೆ ಬಾಡಿಗೆ ಏರುತ್ತಾ ಹೋಗುತ್ತದೆ. ಬಿಲ್ ಆಫ್ ಎಂಟ್ರಿ ಸಲ್ಲಿಸುವುದು ತಡವಾದರೂ ಶುಲ್ಕ ಬೀಳುತ್ತದೆ. ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000. ‘ಇಲ್ಲೇ ಕೊಂಡುಕೊಳ್ಳಿ, ಅಗ್ಗ ಆಗತ್ತೆ’ ಅಂದರು. ಆ ಮಾತಿನಿಂದ ಅವರಿಗೇ ಒಂದು ಕೆಲಸದ ಫೀಸು ಹೋಯಿತು.

ಡ್ಯೂಟಿ ದುಡ್ಡನ್ನು ಏಜೆಂಟನ ಖಾತೆಗೆ ಹಾಕಲೇಬೇಡಿ. ಕಸ್ಟಮ್ಸ್‌ನವರ ಐಸ್‌ಗೇಟ್ ವೆಬ್‌ಸೈಟಿನಲ್ಲಿ ನಿಮ್ಮ ಐಇಸಿ ನೋಂದಾಯಿಸಿ ನೀವೇ ಕಟ್ಟಬಹುದು. ನೋಂದಣಿಯಲ್ಲಿ ಇಮೇಲ್ ನಿಮ್ಮದೇ ಇರಲಿ, ಆಗ ಅಸಲಿ ಬಿಲ್ ಆಫ್ ಎಂಟ್ರಿ ನೇರ ನಿಮಗೇ ಬರುತ್ತದೆ. ನಮ್ಮದಕ್ಕೆ ಅವನು ತನ್ನ ಇಮೇಲ್ ಕೊಟ್ಟಿದ್ದ.

ಈಗಾಗಲೇ ಇಂಥವರ ಕೈಯಲ್ಲಿ ಮಾಲು ಬಿಡಿಸಿದ್ದರೆ ಇವತ್ತೇ ಐಸ್‌ಗೇಟ್‌ನಲ್ಲಿ ಬಿಲ್ ಆಫ್ ಎಂಟ್ರಿ ನಂಬರ್ ಹಾಕಿ ಬೆಲೆ, ಡ್ಯೂಟಿ ನೋಡಿ. 2ಬಿ ಜೊತೆ ತಾಳೆ ಹಾಕಿ. ವ್ಯತ್ಯಾಸ ಕಂಡರೆ ನೋಟಿಸ್ ಬರುವ ತನಕ ಕಾಯಬೇಡಿ, ನೀವೇ ಕಾಗದಗಳ ಸಮೇತ ಕಸ್ಟಮ್ಸ್‌ಗೆ ಬರೆದುಕೊಡಿ. ವಂಚನೆ ಅಂತ ನೋಟಿಸ್ ಬಂದ ಮೇಲೆ 30 ದಿನದೊಳಗೆ ಕಟ್ಟಿದರೂ ಡ್ಯೂಟಿ, ಬಡ್ಡಿಯ ಜೊತೆ ಶೇ 15 ದಂಡ ಬೀಳುತ್ತದೆ. ಅದನ್ನೂ ಬಿಟ್ಟರೆ ಡ್ಯೂಟಿಯಷ್ಟೇ ದೊಡ್ಡ ದಂಡ ಹಾಕಬಹುದು.