ಪಾರ್ಕ್‌ನಲ್ಲಿ ಫ್ರೀ ಸಿನಿಮಾ ಅಂದ್ರೆ ಓಡಬೇಡಿ, ನಮ್ಮ ಕಥೆ ಓದಿ

ಏಪ್ರಿಲ್ ಕೊನೆಯ ಶನಿವಾರ ನಡೆದದ್ದು ಇದು. ಬೇಸಿಗೆ ರಜೆಯಲ್ಲಿ ಇಂಥವು ಜಾಸ್ತಿ. ನಿಮ್ಮ ಏರಿಯಾಗೂ ಬರಬಹುದು ಅಂತ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರು ದಕ್ಷಿಣ. ಮನೆ ಹತ್ತಿರದ ಪಾರ್ಕ್ ಗೇಟಿಗೆ ಬ್ಯಾನರ್ ಕಟ್ಟಿದ್ದರು: ಬಯಲಲ್ಲಿ ಸಿನಿಮಾ, ಸಂಜೆ 6.30ಕ್ಕೆ, ಪ್ರವೇಶ ಉಚಿತ. ತುಮಕೂರಿನಿಂದ ಅಪ್ಪ ಬಂದಿದ್ದರು. ಬ್ಯಾನರ್ ನೋಡಿದ್ದೇ ತಡ, ಟೆಂಟ್ ಸಿನಿಮಾ ಕಾಲಕ್ಕೆ ಹೋಗಿಬಿಟ್ಟರು. ಮುಂದೆ ಕೂತವರ ತಲೆ ಅಡ್ಡ ಬರುತ್ತೆ ಅಂತ ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರಂತೆ. ಮೊಮ್ಮಗಳು ಕಣ್ಣರಳಿಸಿ ಕೇಳಿದಳು. ಇನ್ನು ಹೋಗದೆ ಇರೋದಕ್ಕೆ ಆಗುತ್ತಾ?

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಒಂದು ಫಾರಂ. ಹೆಸರು, ಮೊಬೈಲ್ ನಂಬರ್, ಒಟಿಪಿ. ಸರಿ. ಅದರ ಕೆಳಗೆ, ಸ್ವಂತ ಮನೆಯೋ ಬಾಡಿಗೆ ಮನೆಯೋ? ತಿಂಗಳ ಆದಾಯ ಎಷ್ಟು? ಸಿನಿಮಾ ನೋಡೋದಕ್ಕೆ ನನ್ನ ಸಂಬಳ ಯಾಕೆ ಬೇಕು ಅಂತ ಅಲ್ಲೇ ಅನುಮಾನ ಬರಬೇಕಿತ್ತು. ಬಂತು ಕೂಡ. ಆದರೆ ಮಗಳು ಕೈ ಜಗ್ಗುತ್ತಿದ್ದಳು. ದೊಡ್ಡವರಿಗೆಲ್ಲ ಒಂದೊಂದು ನಂಬರ್ ಕೊಡಲೇಬೇಕು ಅಂತ ಇತ್ತು. ಅಪ್ಪನದ್ದೂ ಹಾಕಿದೆ. ಕೊನೆಯಲ್ಲಿ ‘ಕರೆ ಮಾಡಲು ಒಪ್ಪಿಗೆ ಇದೆ’ ಅನ್ನುವ ಸಾಲಿಗೆ ಅವರೇ ಟಿಕ್ ಹಾಕಿಟ್ಟಿದ್ದರು. ಅದನ್ನು ನಾನು ನೋಡಿದ್ದು ಆಮೇಲೆ.

ಆರು ಗಂಟೆಗೇ ಜಮಖಾನ, ಪುಳಿಯೋಗರೆ ಡಬ್ಬಿ ಹಿಡಿದುಕೊಂಡು ಹೋದೆವು. ಸಾಯಂಕಾಲವೇ ಹುಲ್ಲಿಗೆ ನೀರು ಬಿಟ್ಟಿದ್ದರು. ಹತ್ತು ನಿಮಿಷಕ್ಕೆ ಜಮಖಾನ ಒದ್ದೆ, ಅಪ್ಪನ ಪಂಚೆಯೂ ಒದ್ದೆ. ಟಾಯ್ಲೆಟ್‌ಗೆ ಬೀಗ. ಸೊಳ್ಳೆ ಬಗ್ಗೆ ಹೇಳೋದೇ ಬೇಡ. ಇಷ್ಟೇ ಆಗಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ.

6.30 ಆಯಿತು, ಸಿನಿಮಾ ಇಲ್ಲ. ಹೇಗೆ ಇರುತ್ತೆ? ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ ಸೂರ್ಯ ಮುಳುಗೋದೇ ಆರೂವರೆ ದಾಟಿದ ಮೇಲೆ. ಬೆಳಕು ಪೂರ್ತಿ ಹೋಗದೆ ಪ್ರೊಜೆಕ್ಟರ್ ಹಾಕಿದರೆ ಪರದೆ ಮೇಲೆ ಕಾಣೋದು ಬಿಳಿ ಬಟ್ಟೆಯೊಂದೇ. ಹಾಗಾದರೆ 6.30 ಅಂತ ಯಾಕೆ ಹಾಕಿದರು? ಜನ ಬಂದು ಕೂರಲಿ, ಭಾಷಣ ಕೇಳಲಿ ಅಂತ.

ಹೌದು, ಸಿನಿಮಾ ತೋರಿಸಿದ್ದು ಸೈಟ್ ಮಾರುವವರು. ಊರಾಚೆ ಲೇಔಟ್, ಕ್ಲಬ್‌ಹೌಸ್, ಮುಂದೆ ಬರಲಿರುವ ರಸ್ತೆ, ಇನ್ನೂ ಮುಂದೆ ಬರಲಿರುವ ಮೆಟ್ರೊ. 7.50ರವರೆಗೆ ಇದೇ. ಆಮೇಲೆ ಸಿನಿಮಾ ಶುರು. ಚೆನ್ನಾಗಿಯೇ ಇತ್ತು, ಸುಮ್ನೆ ಹೇಳಬಾರದು. ಒಂಬತ್ತಕ್ಕೆ ಇಂಟರ್ವಲ್, ಜೊತೆಗೆ ಲಕ್ಕಿ ಡ್ರಾ. ಅಪ್ಪನ ಟೋಕನ್‌ಗೆ ಮೊದಲ ಬಹುಮಾನ, ಚಿನ್ನದ ನಾಣ್ಯ! ನಾನು ಮಗಳಿಗೆ ಕಡಲೆಕಾಯಿ ಕೊಡಿಸೋಕೆ ಗೇಟಿನ ಹತ್ತಿರ ಹೋದೆ. ಅಲ್ಲಿ ನಿಂತಿದ್ದ ಪಕ್ಕದ ಬೀದಿಯ ದಂಪತಿಗೂ ಮೊದಲ ಬಹುಮಾನ ಬಂದಿತ್ತು. ಅವರ ಹಿಂದಿದ್ದ ಅಜ್ಜಿಗೂ.

ಎದ್ದೆನೋ ಬಿದ್ದೆನೋ ಅಂತ ವಾಪಸ್ ಬಂದೆ. ಅಷ್ಟರಲ್ಲಿ ಕೆಲಸ ಮುಗಿದಿತ್ತು. ಟೈ ಕಟ್ಟಿದ ಹುಡುಗನೊಬ್ಬ ಅಪ್ಪನಿಗೆ ಒಣಗಿದ ಕುರ್ಚಿ ಕೊಟ್ಟು ಕೂರಿಸಿದ್ದ. ಇಡೀ ಪಾರ್ಕಿನಲ್ಲಿ ಕುರ್ಚಿ ಇದ್ದದ್ದು ಅವರ ಟೇಬಲ್ ಹತ್ತಿರ ಮಾತ್ರ! “ಅಂಕಲ್, ಭಾನುವಾರ ನಮ್ಮ ಬಸ್ಸಲ್ಲೇ ಕರ್ಕೊಂಡು ಹೋಗ್ತೀವಿ, ಊಟನೂ ನಮ್ದೇ, ಆಂಟೀನೂ ಕರ್ಕೊಂಡು ಬನ್ನಿ, ನಾಣ್ಯ ಅಲ್ಲೇ ಕೊಡ್ತೀವಿ. ಇವತ್ತಿನ ರೇಟ್ ಹಿಡಿಯೋಕೆ ಐದು ಸಾವಿರ ಟೋಕನ್ ಅಡ್ವಾನ್ಸ್ ಹಾಕಿ, ಬೇಡ ಅಂದ್ರೆ ವಾಪಸ್.” ಅಪ್ಪ ಯುಪಿಐನಲ್ಲಿ 5,000 ಹಾಕಿಬಿಟ್ಟಿದ್ದರು. ರಸೀದಿಯ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ‘ಹಣ ಹಿಂತಿರುಗಿಸಲಾಗುವುದಿಲ್ಲ’. ನಾನು ಕೇಳಿದ್ದಕ್ಕೆ ಹುಡುಗ, “ಅದು ಸುಮ್ನೆ ಪ್ರಿಂಟ್ ಆಗಿರೋದು ಸರ್.”

ಅವರ ಕರಪತ್ರದಲ್ಲಿ ‘ರೇರಾ ಅನುಮೋದಿತ’ (ಸೈಟು, ಫ್ಲಾಟು ಮಾರುವವರ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರವೇ ರೇರಾ) ಅಂತ ದಪ್ಪ ಅಕ್ಷರದಲ್ಲಿತ್ತು, ನೋಂದಣಿ ನಂಬರ್ ಇರಲಿಲ್ಲ. ಇದನ್ನು ದಯವಿಟ್ಟು ಗಮನಿಸಿ. 2016ರ ರೇರಾ ಕಾಯ್ದೆ ಪ್ರಕಾರ 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ ಲೇಔಟ್ ಮಾಡಿ ಮಾರಬೇಕಾದರೆ ನೋಂದಣಿ ಬೇಕು. ಲೆಕ್ಕ ಹಾಕಿ, ಅದು 30x40 ಅಡಿಯ ನಾಲ್ಕೂವರೆ ಸೈಟಿನಷ್ಟು ಜಾಗ, ಅಷ್ಟೇ. ಜಾಹೀರಾತಿನಲ್ಲಿ ನೋಂದಣಿ ನಂಬರ್ ಹಾಕಲೇಬೇಕು. ಆ ನಂಬರನ್ನು ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು. ನಂಬರ್ ಕೇಳಿದೆ. “ಆಫೀಸಿಗೆ ಬನ್ನಿ ಸರ್, ತೋರಿಸ್ತೀವಿ” ಅಂದರು.

ಸಿನಿಮಾ ಮತ್ತೆ ಶುರುವಾದದ್ದು 9.25ಕ್ಕೆ. ಸರಿಯಾಗಿ ಹತ್ತಕ್ಕೆ ಹೊಯ್ಸಳ ಗಾಡಿ ಬಂತು, ಸ್ಪೀಕರ್ ಬಂದ್. ಪೊಲೀಸರದ್ದು ತಪ್ಪಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಅನ್ನುವ ನಿಯಮ 2000ದಿಂದಲೇ ಇದೆ. ಆಯೋಜಕರಿಗೆ ಇದು ಗೊತ್ತಿಲ್ಲದೆ ಇರುತ್ತಾ? ಇನ್ನೂ 40 ನಿಮಿಷದ ಸಿನಿಮಾ ಬಾಕಿ ಇತ್ತು. ಪರದೆ ಮೇಲೆ ನಾಯಕ ಬಾಯಿ ತೆರೆದವನು ಹಾಗೇ ನಿಂತ. ಹುಡುಗರು ಟೇಬಲ್ ಮಡಚಿ ಟೆಂಪೋಗೆ ಹಾಕಿಕೊಂಡರು. ಮಗಳು ದಾರಿಯುದ್ದಕ್ಕೂ ಅತ್ತಳು.

ಫ್ರೀ ಅಂದ ತಕ್ಷಣ ಮೋಸ ಅಂತ ನಾನು ಹೇಳುತ್ತಿಲ್ಲ. ಸುಚಿತ್ರಾ ಫಿಲ್ಮ್ ಸೊಸೈಟಿ ಥರದ ಜಾಗದಲ್ಲಿ ಎಷ್ಟೋ ಸಿನಿಮಾ ನೋಡಿದ್ದೇನೆ, ಯಾರೂ ನನ್ನ ಸಂಬಳ ಕೇಳಿಲ್ಲ. ನೀವು ಹೋಗುವುದಾದರೆ ಮೊದಲು ಸಿನಿಮಾ ಎಷ್ಟು ಹೊತ್ತಿನದು ಅಂತ ನೋಡಿ. ಕತ್ತಲಾಗುವುದಕ್ಕೂ ಹತ್ತು ಗಂಟೆಗೂ ನಡುವೆ ಅದು ಮುಗಿಯುವಂತಿಲ್ಲದಿದ್ದರೆ ತೋರಿಸುವವರಿಗೆ ಸಿನಿಮಾ ಮುಖ್ಯ ಅಲ್ಲ ಅಂತಲೇ ಅರ್ಥ. ಫಾರಂನಲ್ಲಿ ಆದಾಯ ಕೇಳಿದರೆ ಅಲ್ಲೇ ಮುಚ್ಚಿ. ಮನೆಯ ಹಿರಿಯರನ್ನು ಇಂಟರ್ವಲ್‌ನಲ್ಲಿ ಒಬ್ಬರನ್ನೇ ಬಿಟ್ಟು ಹೋಗಬೇಡಿ, ಕಡಲೆಕಾಯಿ ಆಮೇಲೆ ಕೊಡಿಸಿದರಾಯಿತು.

ದುಡ್ಡು ಇನ್ನೂ ಬಂದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಕರೆಗಳ ಕಾಟಕ್ಕೆ 1909ಕ್ಕೆ ಹೇಳಿ ಡಿಎನ್‌ಡಿ (ಮಾರಾಟದ ಕರೆ ಬೇಡ ಅನ್ನುವ ನೋಂದಣಿ) ಹಾಕಿಸಿದೆ. ಸ್ವಲ್ಪ ಕಡಿಮೆ ಆಗಿದೆ, ಪೂರ್ತಿ ನಿಂತಿಲ್ಲ. ನಾವೇ ಒಪ್ಪಿಗೆ ಕೊಟ್ಟಿದ್ದೇವಂತೆ, ಆ ಟಿಕ್ ಇದೆಯಲ್ಲ!

ನಾನಾದರೆ ನಂಬರ್ ಬ್ಲಾಕ್ ಮಾಡುತ್ತೇನೆ. ಅಪ್ಪ ಮಾತ್ರ ಪ್ರತಿ ಸಲ ಫೋನ್ ಎತ್ತುತ್ತಾರೆ. ಆ ಕಡೆಯ ಹುಡುಗಿ ಕಾರ್ನರ್ ಸೈಟಿನ ಬಗ್ಗೆ ಹೇಳಿ ಮುಗಿಸುವವರೆಗೂ ಕೇಳಿಸಿಕೊಂಡು, “ಸರಿನಮ್ಮಾ, ಮಿಕ್ಕ ನಲವತ್ತು ನಿಮಿಷದ ಸಿನಿಮಾ ಯಾವತ್ತು ತೋರಿಸ್ತೀರಾ?” ಅಂತ ಕೇಳುತ್ತಾರೆ.